ಒಂದು ಫ್ಯಾನಿಗೆ ಎರಡು ಎಕರೆಯೋ, ನೂರಿಪ್ಪತ್ತೈದು ಎಕರೆಯೋ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕು. ಊರಲ್ಲಿ ಸುಮಾರು 600 ಮನೆ. ನನಗೆ 8 ಎಕರೆ ಎರೆ ಹೊಲ ಇದೆ. ಗಾಳಿ ವಿದ್ಯುತ್ ಕಂಪನಿಯ ಕಡೆಯವರು ಬಂದು 3 ಎಕರೆ ಕೇಳುತ್ತಿದ್ದಾರೆ. ದಾರಿಗೆ ಬೇರೆ ಜಾಗ ಬೇಕಂತೆ. ಊರಲ್ಲಿ ಹಿರಿಯರೊಬ್ಬರು "ಒಂದು ಫ್ಯಾನಿಗೆ 125 ಎಕರೆ ಬೇಕು, ಕೊನೆಗೆ ಊರ ಹೊಲವೆಲ್ಲ ಹೋಗುತ್ತದೆ" ಅನ್ನುತ್ತಾರೆ. ಬೆಂಗಳೂರಲ್ಲಿ ಎಂಜಿನಿಯರ್ ಆಗಿರುವ ನನ್ನ ತಮ್ಮ "ಎರಡು ಎಕರೆ ಸಾಕು" ಅನ್ನುತ್ತಾನೆ. ಯಾರ ಮಾತು ನಿಜ? ನಮ್ಮೂರಿನ ಮನೆಗಳಿಗೆಲ್ಲ ಗಾಳಿಯಿಂದಲೇ ಕರೆಂಟ್ ಬರಬೇಕು ಅಂದರೆ ಎಷ್ಟು ಜಮೀನು ಬೇಕು?

ಉತ್ತರ: ಇಬ್ಬರ ಅಂಕಿಯೂ ಸರಿ ಇದೆ. ಇಬ್ಬರೂ ಬೇರೆ ಬೇರೆ ಜಮೀನಿನ ಲೆಕ್ಕ ಹೇಳುತ್ತಿದ್ದಾರೆ, ಅಷ್ಟೇ. ಹಿರಿಯರು ಹೇಳಿದ 125 ಎಕರೆ ಅಂದರೆ ಒಂದು ಫ್ಯಾನು ತನ್ನ ಸುತ್ತ ಬೇರೆ ಫ್ಯಾನಿಲ್ಲದ ಹಾಗೆ ಬಿಡಿಸಿಕೊಳ್ಳುವ ಬಯಲು. ನಿಮ್ಮ ತಮ್ಮ ಹೇಳಿದ ಎರಡು ಎಕರೆ ಅಂದರೆ ಇನ್ನು ಮುಂದೆ ಕುಂಟೆ ಹೊಡೆಯಲು ಆಗದ ನೆಲ. ಗಾಳಿ ಅಳೆಯುವುದು, ಯಾವ ಸರ್ವೆ ನಂಬರಿನಲ್ಲಿ ಯಂತ್ರ ನಿಲ್ಲಿಸಬೇಕು ಅಂತ ಗುರುತು ಹಾಕುವುದು ಬಹಳ ವರ್ಷ ನನ್ನ ಕೆಲಸವಾಗಿತ್ತು. ಹೋದ ಊರಲ್ಲೆಲ್ಲ ಇದೇ ಗೊಂದಲ. ಕಂಪನಿಯವರು ಎರಡು ಎಕರೆಯ ಮಾತಷ್ಟೇ ಆಡುತ್ತಾರೆ. ಹೆದರಿದವರು 125ರ ಮಾತಷ್ಟೇ ಆಡುತ್ತಾರೆ. ಹಾಗಾಗಿ ಲೆಕ್ಕವನ್ನು ಬುಡದಿಂದ ಹಾಕೋಣ.

ಮೊದಲು ಮನೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್‌ವರೆಗೆ ಬಿಲ್ ಇಲ್ಲ. ಆದರೆ ಹಳ್ಳಿಯ ಬಹುಪಾಲು ಮನೆಗಳು ಅದರ ಅರ್ಧವನ್ನೂ ಮುಟ್ಟುವುದಿಲ್ಲ. ನಾಲ್ಕು ಬಲ್ಬು, ಎರಡು ಫ್ಯಾನು, ಟಿವಿ, ಮಿಕ್ಸಿ, ಕೆಲವು ಕಡೆ ಫ್ರಿಜ್. ಮುಂದೆ ಬಳಕೆ ಜಾಸ್ತಿಯಾಗುತ್ತದೆ ಅಂತ ಧಾರಾಳವಾಗಿ ತಿಂಗಳಿಗೆ 100 ಯೂನಿಟ್ ಹಿಡಿಯೋಣ. ವರ್ಷಕ್ಕೆ 1200 ಯೂನಿಟ್. ನಿಮ್ಮ 600 ಮನೆಗೆ 7 ಲಕ್ಷದ 20 ಸಾವಿರ ಯೂನಿಟ್.

ಈಗ ಯಂತ್ರ. ನಿಮ್ಮ ಭಾಗದಲ್ಲಿ ಈಗ ಬರುತ್ತಿರುವುದು 2ರಿಂದ 3 ಮೆಗಾವಾಟ್ ಆಸುಪಾಸಿನವು. ಲೆಕ್ಕಕ್ಕೆ 2 ಮೆಗಾವಾಟ್‌ನದ್ದು ತಗೊಳ್ಳೋಣ. ರೆಕ್ಕೆ ತಿರುಗುವ ವೃತ್ತದ ಅಗಲ 120 ಮೀಟರ್. ವರ್ಷದ 8760 ಗಂಟೆಯೂ ಪೂರ್ತಿ ಬಲದಲ್ಲಿ ತಿರುಗಿದರೆ 175 ಲಕ್ಷ ಯೂನಿಟ್ ಆಗುತ್ತದೆ. ಆದರೆ ಗಾಳಿ ಹಾಗೆ ಬೀಸುವುದಿಲ್ಲವಲ್ಲ. ಒಳ್ಳೆಯ ಜಾಗದಲ್ಲಿ ಹೊಸ ಯಂತ್ರ ಅದರಲ್ಲಿ ನೂರಕ್ಕೆ 28ರಷ್ಟು ಕೊಡುತ್ತದೆ ಅಂತ ಹಿಡಿಯಬಹುದು. ಅಂದರೆ ವರ್ಷಕ್ಕೆ 49 ಲಕ್ಷ ಯೂನಿಟ್. ತಂತಿಯಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ ಒಂದಿಷ್ಟು ಸೋರಿಹೋಗಿ ಮನೆ ಮುಟ್ಟುವುದು ಸುಮಾರು 42 ಲಕ್ಷ. 1200ರಿಂದ ಭಾಗಿಸಿದರೆ 3500 ಮನೆ.

ನಿಮ್ಮೂರಿನಂಥ ಹತ್ತಿರ ಹತ್ತಿರ ಆರು ಊರಿಗೆ ಒಂದು ಫ್ಯಾನು ಸಾಕು.

ಈ 28 ಅನ್ನುವ ಅಂಕಿ ಎಲ್ಲ ಊರಿಗೂ ಒಂದೇ ಅಲ್ಲ. ಗಾಳಿಯ ವೇಗ ಸ್ವಲ್ಪ ಹೆಚ್ಚಾದರೂ ಅದರೊಳಗಿನ ಬಲ ಬಹಳ ಹೆಚ್ಚಾಗುತ್ತದೆ. ವೇಗ ಎರಡು ಪಟ್ಟಾದರೆ ಬಲ ಎಂಟು ಪಟ್ಟು. ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿಗಿಂತ ಏಳೂವರೆ ಮೀಟರ್ ಬೀಸುವ ಗಾಳಿಯಲ್ಲಿ ಹತ್ತಿರ ಹತ್ತಿರ ಎರಡರಷ್ಟು ಬಲ ಇರುತ್ತದೆ. ನಿಮ್ಮ ಕಡೆಯ ಬಯಲಿನಲ್ಲಿ ಒಂದು ಯಂತ್ರ ಮಾಡುವ ಕೆಲಸಕ್ಕೆ ಗಾಳಿ ಕಡಿಮೆ ಇರುವ ಜಿಲ್ಲೆಯಲ್ಲಿ ಎರಡು ಬೇಕಾಗಬಹುದು. ಯಂತ್ರ ಎರಡಾದರೆ ಜಮೀನೂ ಎರಡರಷ್ಟು. ಅದಕ್ಕೇ ಕಂಪನಿಯವರು ಗದಗ, ಕೊಪ್ಪಳ, ವಿಜಯಪುರ, ಚಿತ್ರದುರ್ಗ ಅಂತ ಹುಡುಕಿಕೊಂಡು ಬರುವುದು. ಗಾಳಿ ಇರುವಲ್ಲಿ ಯಂತ್ರ ನಿಲ್ಲಿಸುವುದೇ ಜಮೀನು ಉಳಿಸುವ ಮೊದಲ ದಾರಿ.

ಇನ್ನು ಆ 125 ಎಕರೆ ಎಲ್ಲಿಂದ ಬಂತು? ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತರ ಕಷ್ಟ ನಿಮಗೆ ಗೊತ್ತು. ಮೇಲಿನವರು ನೀರು ಹಿಡಿದರೆ ಕೆಳಗಿನವರಿಗೆ ಕಡಿಮೆ. ಗಾಳಿಯೂ ಹಾಗೇ. ಮುಂದಿನ ಫ್ಯಾನು ಗಾಳಿಯ ಬಲವನ್ನು ಹಿಡಿದುಕೊಂಡ ಮೇಲೆ ಅದರ ಹಿಂದೆ ಗಾಳಿ ಸೊರಗಿರುತ್ತದೆ, ಸುಳಿ ಸುಳಿಯಾಗಿರುತ್ತದೆ. ಆದರೆ ಕಾಲುವೆಗೆ ಇಲ್ಲದ ಒಂದು ಅನುಕೂಲ ಗಾಳಿಗಿದೆ. ಅಕ್ಕಪಕ್ಕದಿಂದ, ಮೇಲಿನಿಂದ ಹೊಸ ಗಾಳಿ ಬಂದು ಸೇರಿಕೊಳ್ಳುತ್ತದೆ. ಹಾಗೆ ಸೇರಿಕೊಳ್ಳಲು ಜಾಗ ಬೇಕು. ಅದಕ್ಕೆ ಈ ಕೆಲಸದಲ್ಲಿ ಹಳೆಯ ಲೆಕ್ಕ ಒಂದಿದೆ: ಗಾಳಿಗೆ ಅಡ್ಡವಾಗಿ ರೆಕ್ಕೆಯ ವೃತ್ತದ ಐದು ಪಟ್ಟು, ಗಾಳಿ ಬೀಸುವ ದಿಕ್ಕಿನಲ್ಲಿ ಏಳು ಪಟ್ಟು ಜಾಗ ಬಿಡಬೇಕು. 120 ಮೀಟರ್ ಅಗಲದ ವೃತ್ತಕ್ಕೆ 600 ಮೀಟರ್ ಮತ್ತು 840 ಮೀಟರ್. ಗುಣಿಸಿದರೆ 50 ಹೆಕ್ಟೇರ್, ಅಂದರೆ 125 ಎಕರೆ. ನಿಮ್ಮ ಹಿರಿಯರು ಎಲ್ಲೋ ಕೇಳಿದ ಅಂಕಿ ಇದೇ ಇರಬೇಕು.

ಗುಡ್ಡದ ಸಾಲಿನಲ್ಲಿ ಇಷ್ಟು ಬೇಕಾಗುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಫ್ಯಾನುಗಳು ಒಂದೇ ಸಾಲಿನಲ್ಲಿ ಹತ್ತಿರ ಹತ್ತಿರ ನಿಂತಿರುವುದನ್ನು ಹೆದ್ದಾರಿಯಿಂದಲೇ ನೋಡಿರುತ್ತೀರಿ. ಅಲ್ಲಿ ಹಿಂದೆ ಎರಡನೇ ಸಾಲು ಇರುವುದಿಲ್ಲ. ಹಾಗಾಗಿ ಅಕ್ಕಪಕ್ಕದ ಅಂತರ ನೋಡಿಕೊಂಡರೆ ಸಾಕು.

"ದೊಡ್ಡ ಯಂತ್ರ ಹಾಕಿದರೆ ಈ ಜಾಗ ಕಡಿಮೆ ಆಗಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಅಷ್ಟೇನೂ ಆಗುವುದಿಲ್ಲ. ರೆಕ್ಕೆ ಎರಡು ಪಟ್ಟು ಉದ್ದವಾದರೆ ಅದು ಹಿಡಿಯುವ ಗಾಳಿ ನಾಲ್ಕು ಪಟ್ಟು. ಬಿಡಬೇಕಾದ ಅಂತರ ಎರಡೂ ದಿಕ್ಕಿನಲ್ಲಿ ಎರಡೆರಡು ಪಟ್ಟಾಗಿ ಜಾಗವೂ ನಾಲ್ಕು ಪಟ್ಟು. ಲೆಕ್ಕ ಸಮ ಆಗಿಹೋಯಿತು. ಎತ್ತರದಲ್ಲಿ ಗಾಳಿ ಚೆನ್ನಾಗಿರುವುದರಿಂದ ಸ್ವಲ್ಪ ಲಾಭ ಸಿಗುತ್ತದೆ. ದೊಡ್ಡ ಯಂತ್ರದ ನಿಜವಾದ ಲಾಭ ಬೇರೆ: ಬುಡಗಳ ಸಂಖ್ಯೆ ಕಡಿಮೆ, ದಾರಿಯ ಉದ್ದ ಕಡಿಮೆ. ಹಿಂದೆಲ್ಲ 225, 250 ಕಿಲೋವಾಟ್‌ನ ಪುಟ್ಟ ಯಂತ್ರಗಳಿದ್ದವು. ಅಂಥ ಎಂಟು ಯಂತ್ರ ಕಿತ್ತು ಅಲ್ಲಿ 2 ಮೆಗಾವಾಟ್‌ನದ್ದು ಒಂದು ಹಾಕಿದರೆ ಏಳು ಬುಡದ ನೆಲ ವಾಪಸ್ ಸಿಗುತ್ತದೆ.

ಆ 125 ಎಕರೆಯಲ್ಲಿ ಏನಿರುತ್ತದೆ ಅಂತ ನೋಡಬೇಕಾದರೆ ಆಷಾಢದಲ್ಲಿ ಯಾವುದಾದರೂ ಫ್ಯಾನಿನ ಬುಡಕ್ಕೆ ಹೋಗಿ ನಿಲ್ಲಿ. ಹತ್ತಿಪ್ಪತ್ತು ಹೆಜ್ಜೆ ಆಚೆಗೆ ಹೆಸರು ಕಾಯಿ ಕಟ್ಟುತ್ತಿರುತ್ತದೆ. ಶೇಂಗಾ, ಗೋವಿನಜೋಳ, ಉಳ್ಳಾಗಡ್ಡಿ, ಯಾವ ಬೆಳೆಯೂ ಫ್ಯಾನಿದೆ ಅಂತ ದೂರ ಸರಿದಿರುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಹೋದರೆ ಇನ್ನೊಂದು ಕಾಣುತ್ತದೆ. ಸುತ್ತ ಎಲ್ಲೂ ಮರವಿಲ್ಲ. ಕಂಬದ ನೆರಳು ಒಂದು ಪಟ್ಟಿಯ ಹಾಗೆ ಹೊಲದ ಮೇಲೆ ಬಿದ್ದಿರುತ್ತದೆ. ಆ ಪಟ್ಟಿಯೊಳಗೇ ಕುರಿಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತವೆ. ನೆರಳು ಸರಿದ ಹಾಗೆ ಅವೂ ಎದ್ದು ನಾಲ್ಕು ಹೆಜ್ಜೆ ಸರಿದು ಮತ್ತೆ ಮಲಗುತ್ತವೆ. ಕುರಿಗಾಹಿಯೂ ಕಂಬಳಿ ಹಾಸಿಕೊಂಡು ಅವುಗಳ ಜೊತೆಗೇ ಸರಿಯುತ್ತಾನೆ. ಆ 125 ಎಕರೆ ಎಲ್ಲಿಗೂ ಹೋಗಿಲ್ಲ. ಪಹಣಿಯಲ್ಲಿ ಯಾರ ಹೆಸರಿತ್ತೋ ಅವರ ಹೆಸರೇ ಇರುತ್ತದೆ.

ಹೋಗುವುದು ಯಾವುದು ಅಂತ ಈಗ ಗುಂಟೆ ಲೆಕ್ಕದಲ್ಲಿ ನೋಡೋಣ.

ಬುಡ: ಸುಮಾರು 20 ಮೀಟರ್ ಅಗಲದ ಗುಂಡಿ ತೆಗೆದು, ಕಬ್ಬಿಣ ಕಟ್ಟಿ, ಕಾಂಕ್ರೀಟ್ ತುಂಬುತ್ತಾರೆ. ಆ ದಿನ ನಾನು ಮರೆಯುವುದೇ ಇಲ್ಲ. ಒಮ್ಮೆ ಶುರು ಮಾಡಿದರೆ ನಡುವೆ ನಿಲ್ಲಿಸುವ ಹಾಗಿಲ್ಲ. ರಾತ್ರಿಯಿಡೀ ಲೈಟ್ ಹಾಕಿಕೊಂಡು ಒಂದರ ಹಿಂದೆ ಒಂದು ಮಿಕ್ಸರ್ ಲಾರಿ ಬರುತ್ತಲೇ ಇರುತ್ತವೆ. 400 ಘನ ಮೀಟರ್ ಅಂದರೆ 65ಕ್ಕೂ ಹೆಚ್ಚು ಲಾರಿ. ಆಮೇಲೆ ಅದರ ಮೇಲೆ ಮಣ್ಣು ಮುಚ್ಚುತ್ತಾರೆ. ಹೊರಗೆ ಕಾಣುವುದು ನಾಲ್ಕೈದು ಮೀಟರ್ ಅಗಲದ ಕಂಬ ಮಾತ್ರ. ಇಷ್ಟೆಲ್ಲ ಸೇರಿ ಈ ಬುಡ ತಿನ್ನುವುದು 3 ಗುಂಟೆ.

ಪಕ್ಕದಲ್ಲಿ ದೊಡ್ಡ ಕ್ರೇನ್ ನಿಲ್ಲಲು ಗಟ್ಟಿ ಕಟ್ಟೆ ಬೇಕು. ಅದಕ್ಕೆ ಸುಮಾರು 15 ಗುಂಟೆ. ಮುಂದೆ ರಿಪೇರಿಗೆ ಕ್ರೇನ್ ಮತ್ತೆ ಬರಬೇಕಾಗುತ್ತದೆ ಅಂತ ಇದನ್ನು ತೆಗೆಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಕಟ್ಟೆಗೆ 3 ಗುಂಟೆ. ಎಲ್ಲ ಫ್ಯಾನುಗಳ ಕರೆಂಟ್ ಸೇರುವ ಸಬ್‌ಸ್ಟೇಷನ್ ಬೇರೆಲ್ಲೋ ಇರುತ್ತದೆ. ಅದನ್ನು ಹಂಚಿದರೆ ಒಂದೊಂದರ ಪಾಲಿಗೆ ಹತ್ತು ಹನ್ನೆರಡು ಗುಂಟೆ.

ಉಳಿದದ್ದು ದಾರಿ. ಒಂದು ಫ್ಯಾನಿನಿಂದ ಇನ್ನೊಂದಕ್ಕೆ ಸರಾಸರಿ 700 ಮೀಟರ್ ಅಂತ ಹಿಡಿದರೂ, 6 ಮೀಟರ್ ಅಗಲದ ದಾರಿಗೆ 42 ಗುಂಟೆ ಬೇಕು. ಒಂದು ಎಕರೆ ದಾಟಿತು. ಎಲ್ಲ ಕೂಡಿಸಿದರೆ 75 ಗುಂಟೆ, ಎರಡು ಎಕರೆಗೆ ಸ್ವಲ್ಪ ಕಡಿಮೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದಾರಿಯೇ. ಕಟ್ಟುವಾಗ ರೆಕ್ಕೆ ಇಳಿಸಲು, ಕ್ರೇನಿನ ಕೈ ಜೋಡಿಸಲು, ತಿರುವು ಅಗಲ ಮಾಡಲು ಇನ್ನೂ ಎರಡು ಎಕರೆಯಾದರೂ ಬೇಕು. ಅದು ಒಂದು ಹಂಗಾಮಿನ ಮಟ್ಟಿಗೆ, ಆಮೇಲೆ ರೈತರಿಗೆ ವಾಪಸ್. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2009ರಲ್ಲಿ ತಮ್ಮ ದೇಶದ ಗಾಳಿ ಯೋಜನೆಗಳ ಜಮೀನನ್ನು ಲೆಕ್ಕ ಹಾಕಿತ್ತು. ಒಂದು ಮೆಗಾವಾಟಿಗೆ ಒಟ್ಟು ಬಯಲು ಸರಾಸರಿ 34 ಹೆಕ್ಟೇರ್, ಅದರಲ್ಲಿ ಕಾಯಂ ಹೋಗುವುದು 0.3 ಹೆಕ್ಟೇರ್. ಎಕರೆಗೆ ತಂದರೆ 84 ಎಕರೆಯಲ್ಲಿ ಮುಕ್ಕಾಲು ಎಕರೆ. ನಮ್ಮ ಲೆಕ್ಕವೂ ಇದರ ಹತ್ತಿರವೇ ಬಂದಿದೆ.

ಒಂದು ಮನೆಯ ಪಾಲಿಗೆ ಇದನ್ನು ಇಳಿಸಿ ನೋಡಿ. 125 ಎಕರೆಯನ್ನು 3500 ಮನೆಗೆ ಹಂಚಿದರೆ ಮನೆಗೆ ಒಂದೂವರೆ ಗುಂಟೆಗೂ ಸ್ವಲ್ಪ ಕಡಿಮೆ, ಬೆಂಗಳೂರಿನ ಒಂದು 30-50 ಸೈಟಿನಷ್ಟು. ಎರಡು ಎಕರೆಯನ್ನು ಹಂಚಿದರೆ ಐದು ಅಡಿ ಉದ್ದ, ಐದು ಅಡಿ ಅಗಲ. ಒಂದು ಸಣ್ಣ ದೇವರ ಮನೆಯಷ್ಟು ಜಾಗ. ನಿಮ್ಮ 600 ಮನೆಯೆಲ್ಲ ಸೇರಿದರೆ ಹದಿಮೂರು ಹದಿನಾಲ್ಕು ಗುಂಟೆ.

ಇಷ್ಟು ಕಡಿಮೆ ಇದ್ದ ಮೇಲೆ ಚಿಂತೆ ಏನು ಅಂತ ನಿಮ್ಮ ತಮ್ಮ ಕೇಳಬಹುದು. ಎಕರೆ ಎಷ್ಟು ಅನ್ನುವುದರ ಜೊತೆ ಆ ಎಕರೆ ಎಲ್ಲಿ, ಯಾವ ಆಕಾರದಲ್ಲಿ ಹೋಗುತ್ತದೆ ಅನ್ನುವುದೂ ಮುಖ್ಯ. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ.

ಕೆಲಸಕ್ಕೆ ಸೇರಿದ ಹೊಸತು. ಎರೆ ನೆಲದ ಒಂದು ಊರಿನಲ್ಲಿ ನಾಲ್ಕು ಫ್ಯಾನಿಗೆ ದಾರಿ ಗುರುತು ಮಾಡಿದ್ದೆವು. ನಕ್ಷೆಯ ಮೇಲೆ ಅತಿ ಹತ್ತಿರದ ಗೆರೆ ಎಳೆದಿದ್ದೆವು. ಎರೆ ಮಣ್ಣಿನಲ್ಲಿ ಭಾರದ ಲಾರಿ ಹೂತುಹೋಗುತ್ತದೆ ಅಂತ ಎರಡು ಅಡಿ ಗರಸು ಹಾಕಿ ದಾರಿ ಎತ್ತರಿಸಿದರು. ನೀರು ಹಾಯಲು ಮೋರಿ ಹಾಕಬೇಕಿತ್ತು. ಒಂದು ಕಡೆ ಮಾತ್ರ ಹಾಕಿದರು, ನಾನೂ ಅದನ್ನು ನೋಡಿ ಸುಮ್ಮನಾದೆ. ಮಳೆ ಬಂತು. ಆ ದಾರಿ ಹೊಲಕ್ಕೆ ಒಡ್ಡು ಕಟ್ಟಿದ ಹಾಗೆ ಆಯಿತು. ಮೇಲ್ಭಾಗದ ಇಬ್ಬರ ಹೊಲದಲ್ಲಿ ನಾಲ್ಕು ದಿನ ನೀರು ನಿಂತು ಉಳ್ಳಾಗಡ್ಡಿ ಕೊಳೆತುಹೋಯಿತು. ಅವರಲ್ಲಿ ಒಬ್ಬರ ಜಮೀನಿನಲ್ಲಿ ಫ್ಯಾನೂ ಇರಲಿಲ್ಲ, ದಾರಿಯೂ ಇರಲಿಲ್ಲ. ಪಕ್ಕದವರ ಹೊಲದ ದಾರಿಯಿಂದ ಇವರ ಬೆಳೆ ಹೋಗಿತ್ತು. ಅವರು ಒಂದು ಗಡ್ಡೆ ಕಿತ್ತು ನನ್ನ ಅಂಗೈಯಲ್ಲಿಟ್ಟರು. ಹಿಡಿದರೆ ಮೆತ್ತಗೆ ಜಾರಿತು. "ಸರ, ನಿಮ್ಮ ಫ್ಯಾನು ನಮ್ಮ ಹೊಲ ತಿನ್ನಲಿಲ್ಲ. ನಿಮ್ಮ ದಾರಿ ತಿಂತು ನೋಡ್ರಿ" ಅಂದರು. ಆಮೇಲೆ ಮೋರಿ ಹಾಕಿಸಿದೆವು. ಆ ವರ್ಷದ ಬೆಳೆಯಂತೂ ಹೋಗಿಯೇ ಹೋಯಿತು. ಆ 75 ಗುಂಟೆಯ ಲೆಕ್ಕದಲ್ಲಿ ಅವರ ಹೊಲ ಎಲ್ಲೂ ಬರುವುದಿಲ್ಲ.

ಗುಡ್ಡದ ಮೇಲೆ ಈ ದಾರಿಯ ಕಥೆ ಇನ್ನೂ ಕಷ್ಟದ್ದು. ಬಯಲಿನಲ್ಲಿ 6 ಮೀಟರ್ ದಾರಿ ಅಂದರೆ 6 ಮೀಟರೇ. ಇಳಿಜಾರಿನಲ್ಲಿ ಒಂದು ಕಡೆ ಗುಡ್ಡ ಕೊರೆಯಬೇಕು, ಇನ್ನೊಂದು ಕಡೆ ಆ ಮಣ್ಣು ಕೆಳಗೆ ಉರುಳುತ್ತದೆ. 58 ಮೀಟರ್ ಉದ್ದದ ರೆಕ್ಕೆ ಹೊತ್ತ ಲಾರಿ ತಿರುಗಬೇಕು ಅಂದರೆ ತಿರುವುಗಳನ್ನು ಬಹಳ ಅಗಲ ಮಾಡಬೇಕು. ನಿಮ್ಮದೇ ಜಿಲ್ಲೆಯ ಕಪ್ಪತಗುಡ್ಡದ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ. ಅದರ ಔಷಧಿ ಗಿಡಗಳಿಗಾಗಿ, ಗಣಿಗಾರಿಕೆ ಬೇಡ ಅಂತ ಜನ ಎಷ್ಟು ವರ್ಷ ಹೋರಾಡಿದರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಅಂಥ ಜಾಗದಲ್ಲಿ ಒಂದು ಎಕರೆ ದಾರಿಗೂ ಬಯಲಿನ ಹೊಲದಲ್ಲಿ ಒಂದು ಎಕರೆ ದಾರಿಗೂ ಒಂದೇ ಬೆಲೆ ಕಟ್ಟಲು ಆಗುವುದಿಲ್ಲ. ಗಾಳಿ ವಿದ್ಯುತ್ ಬೇಕು ಅನ್ನುವವನು ನಾನು. ಆದರೂ ಬಯಲಿನಲ್ಲಿ ಇಷ್ಟೊಂದು ಗಾಳಿ ಇರುವಾಗ ಕಾಡಿನ ನೆತ್ತಿಗೆ ಹೋಗುವುದು ಬೇಡ ಅಂತಲೇ ಹೇಳುತ್ತೇನೆ. ಹಿಂದೆ ಯಂತ್ರಗಳು ಗಿಡ್ಡ ಇದ್ದವು, ಗಾಳಿಗಾಗಿ ಗುಡ್ಡ ಹತ್ತಬೇಕಿತ್ತು. ಈಗ ಕಂಬವೇ 120, 140 ಮೀಟರ್ ಎತ್ತರ. ಬಯಲಿನಲ್ಲಿ ನಿಂತೇ ಆ ಗಾಳಿ ಸಿಗುತ್ತದೆ.

ಇನ್ನೊಂದು ವಿಷಯವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿ ಎಂಬಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಘಟ್ಟದ ಮೇಲಿನ ಆ ಬಯಲಿನಲ್ಲಿ ಬಹಳ ವರ್ಷಗಳಿಂದ ಫ್ಯಾನುಗಳಿವೆ. ಫ್ಯಾನಿರುವ ಕಡೆ ಹದ್ದು, ಗಿಡುಗಗಳಂಥ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ ಇದ್ದವು. ತಿನ್ನುವವರು ಕಡಿಮೆಯಾದ ಕಾರಣ ನೆಲದ ಓತಿಕ್ಯಾತಗಳು ಹೆಚ್ಚಾಗಿದ್ದವು. ಅವುಗಳ ನಡವಳಿಕೆಯೂ ಬದಲಾಗಿತ್ತು, ಮನುಷ್ಯರು ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ಹಾಗಾಗಿ 125 ಎಕರೆಯಲ್ಲಿ ಎರಡು ಎಕರೆ ಬಿಟ್ಟು ಉಳಿದದ್ದೆಲ್ಲ ಇದ್ದ ಹಾಗೇ ಇರುತ್ತದೆ ಅನ್ನುವುದು ಬೆಳೆಯ ಮಟ್ಟಿಗೆ ನಿಜ, ಹಕ್ಕಿಗಳ ಮಟ್ಟಿಗೆ ಅಲ್ಲ.

ಬೇರೆ ಕರೆಂಟುಗಳ ಜೊತೆ ಹೋಲಿಸಿ ನೋಡಿದರೆ ಗಾಳಿಯ ಜಮೀನು ಎಂಥದ್ದು ಅಂತ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವಾಟ್, ಅದಕ್ಕೆ ಸುಮಾರು 13,000 ಎಕರೆ. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಏರುತ್ತಾ ಹೋಗುವ ಗುತ್ತಿಗೆಗೆ ಕೊಟ್ಟರು. ಬರದ ಸೀಮೆಗೆ ಅದು ದೊಡ್ಡ ಆಸರೆ. ಆದರೆ ಹಲಗೆ ಹಾಕಿದ ಮೇಲೆ ಅಲ್ಲಿ ಶೇಂಗಾ ಬೆಳೆಯುವ ಹಾಗಿಲ್ಲ. ಬಯಲಿನ ಲೆಕ್ಕದಲ್ಲಿ ಸೋಲಾರ್ ಒಂದು ಎಕರೆಯಿಂದ ಗಾಳಿಗಿಂತ ಸುಮಾರು ಎಂಟು ಪಟ್ಟು ಜಾಸ್ತಿ ಕರೆಂಟ್ ತೆಗೆಯುತ್ತದೆ. ಬೆಳೆ ತಪ್ಪಿಸುವ ಜಮೀನಿನ ಲೆಕ್ಕದಲ್ಲಿ ಗಾಳಿಯೇ ಸೋಲಾರಿಗಿಂತ ಸುಮಾರು ಎಂಟು ಪಟ್ಟು ಮುಂದೆ. ಇನ್ನು ಶರಾವತಿ. ನಾಡಿಗೆ ಬೆಳಕು ಕೊಟ್ಟ ನದಿ ಅದು. ಆದರೆ 1964ರಲ್ಲಿ ಮುಗಿದ ಲಿಂಗನಮಕ್ಕಿಯ ಹಿನ್ನೀರು 300 ಚದರ ಕಿಲೋಮೀಟರಿಗೂ ಹೆಚ್ಚು ನೆಲ ಮುಳುಗಿಸಿತು. ಎಕರೆಯಲ್ಲಿ ಹೇಳಿದರೆ 74,000ಕ್ಕೂ ಮೇಲೆ. ಆ ನೆಲದ ಜನ ಊರೂರು ಬಿಟ್ಟು ಹೋದರು. ಅವರ ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ.

ಈಗ ನಿಮ್ಮೂರು ಬಿಟ್ಟು ಜಿಲ್ಲೆಯ ಲೆಕ್ಕ. 2011ರ ಜನಗಣತಿಯಲ್ಲಿ ಗದಗ ಜಿಲ್ಲೆಯಲ್ಲಿ 10.6 ಲಕ್ಷ ಜನ. ಮನೆಗೆ ಐದು ಜನ ಅಂದರೆ ಸುಮಾರು 2.1 ಲಕ್ಷ ಮನೆ. ಅವಕ್ಕೆಲ್ಲ 60 ಫ್ಯಾನು ಸಾಕಾಗುತ್ತವೆ. ಬಯಲು 7500 ಎಕರೆ, ಕಾಯಂ ಹೋಗುವುದು 120 ಎಕರೆ. ಜಿಲ್ಲೆಯ ವಿಸ್ತೀರ್ಣ 4656 ಚದರ ಕಿಲೋಮೀಟರ್, ಅಂದರೆ ಹನ್ನೊಂದೂವರೆ ಲಕ್ಷ ಎಕರೆ. ಇಡೀ ರಾಜ್ಯಕ್ಕೆ ಬಂದರೆ ಅದೇ ಗಣತಿಯ 1.32 ಕೋಟಿ ಮನೆಗಳಿಗೆ 3800 ಫ್ಯಾನು, ಅಂದರೆ ಏಳೂವರೆ ಸಾವಿರ ಮೆಗಾವಾಟ್. ಕಾಯಂ ಹೋಗುವ ಜಮೀನು 7600 ಎಕರೆ, ಪಾವಗಡದ ಪಾರ್ಕಿಗಿಂತ ಕಡಿಮೆ. ಈ ಅಂಕಿ ನೋಡಿದಾಗ ನನಗೇ ಆಶ್ಚರ್ಯವಾಗಿತ್ತು. ಯಾಕೆಂದರೆ 2025ರ ಮಾರ್ಚ್ ಹೊತ್ತಿಗೆ ಕರ್ನಾಟಕದಲ್ಲಿ ಈಗಾಗಲೇ ನಿಂತಿದ್ದ ಗಾಳಿ ಯಂತ್ರಗಳೇ 7000 ಮೆಗಾವಾಟ್ ದಾಟಿದ್ದವು. ಹಳೆಯ ಯಂತ್ರಗಳು ಕಡಿಮೆ ಕೊಡುತ್ತವೆ, ಮನೆಗಳೂ ಹೆಚ್ಚಾಗಿವೆ, ನಿಜ. ಆದರೂ ವರ್ಷದ ಒಟ್ಟು ಯೂನಿಟ್ ಲೆಕ್ಕದಲ್ಲಿ ಮನೆಗಳಿಗೆ ಬೇಕಾದ್ದರ ಬಹುಪಾಲು ಆಗಲೇ ಗಾಳಿಯಲ್ಲಿ ಹುಟ್ಟುತ್ತಿದೆ.

"ಒಟ್ಟು" ಅನ್ನುವ ಮಾತನ್ನು ಮಾತ್ರ ಮರೆಯಬೇಡಿ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಕರೆಂಟಿಗೂ ಅದೇ ಮಾತು. ನಮ್ಮಲ್ಲಿ ವರ್ಷದ ಗಾಳಿ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ಸೆಕೆಗೆ ಎಲ್ಲರ ಮನೆಯ ಫ್ಯಾನೂ ತಿರುಗುವಾಗ ಹೊಲದ ಫ್ಯಾನು ಬಹಳ ಹೊತ್ತು ನಿಂತಿರುತ್ತದೆ. ಆ ಕೊರತೆಯನ್ನು ತುಂಬಲು ಹೆಚ್ಚು ಜಮೀನಿನಲ್ಲಿ ಹೆಚ್ಚು ಫ್ಯಾನು ಹಾಕಿ ಪ್ರಯೋಜನ ಇಲ್ಲ. ಬೀಸದ ಗಾಳಿಗೆ ಹತ್ತು ಫ್ಯಾನಿದ್ದರೂ ಒಂದೇ. ಬೇಸಿಗೆಯ ಹಗಲಿಗೆ ಸೋಲಾರ್ ಇದೆ. ರಾತ್ರಿಗೆ ಜಲಾಶಯ ಇದೆ. ಆಷಾಢದಲ್ಲಿ ಗಾಳಿ ಕರೆಂಟ್ ಧಾರಾಳ ಇದ್ದಾಗ ಲಿಂಗನಮಕ್ಕಿಯ ನೀರು ಬಿಡದೆ ಉಳಿಸಿಕೊಂಡರೆ ಅದು ಬೇಸಿಗೆಗೆ ಆಗುತ್ತದೆ. ಮುಂಡರಗಿಯಲ್ಲಿ ಬೀಸಿದ ಗಾಳಿಯನ್ನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನೀರಿನ ರೂಪದಲ್ಲಿ ತೆಗೆದಿಟ್ಟ ಹಾಗೆ. ಇಂಥ ಅನುಕೂಲ ಇರುವ ರಾಜ್ಯ ನಮ್ಮದು.

ನೀವು ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ನಿಮ್ಮ ಹೊಲದಲ್ಲಿ ಫ್ಯಾನು ಹಾಕಿದ ಮಾತ್ರಕ್ಕೆ ನಿಮ್ಮೂರಲ್ಲಿ ಕರೆಂಟ್ ಕಟ್ ಆಗುವುದು ತಪ್ಪುವುದಿಲ್ಲ. ಅದರ ಕರೆಂಟ್ 33 ಸಾವಿರ ವೋಲ್ಟಿನ ತಂತಿಯಲ್ಲಿ ಸಬ್‌ಸ್ಟೇಷನ್‌ಗೆ ಹೋಗಿ ರಾಜ್ಯದ ಜಾಲಕ್ಕೆ ಸೇರುತ್ತದೆ. ಊರ ಟ್ರಾನ್ಸ್‌ಫಾರ್ಮರ್ ಕೆಟ್ಟರೆ ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಮನೆ ಕತ್ತಲೆ. ಯಾರಾದರೂ "ಊರಿಗೆ 24 ಗಂಟೆ ಕರೆಂಟ್" ಅಂತ ಆಸೆ ಹುಟ್ಟಿಸಿದ್ದರೆ ಆ ಮಾತನ್ನು ಕರಾರಿನಲ್ಲಿ ಬರೆಸಲು ಕೇಳಿ ನೋಡಿ.

ಇನ್ನು ನಿಮ್ಮ 8 ಎಕರೆ. ಒಂದು ಫ್ಯಾನಿಗೆ 3 ಎಕರೆ ಕೇಳುವುದು ಅತಿಯಾಯಿತು ಅಂತ ಹೇಳಲಾರೆ, ಕಟ್ಟುವ ಕಾಲದ ಜಾಗವನ್ನೂ ಸೇರಿಸಿ ಕೇಳುತ್ತಿರುತ್ತಾರೆ. ಆದರೆ ಅದರಲ್ಲಿ ಎಷ್ಟು ಕಾಯಂ, ಎಷ್ಟು ಒಂದು ವರ್ಷಕ್ಕೆ ಅಂತ ಬಿಡಿಸಿ ಹೇಳಲು ಕೇಳಿ. ಒಂದು ವರ್ಷದ ಜಾಗವನ್ನು ಯಾಕೆ ಮಾರಬೇಕು? ಬೆಳೆ ಪರಿಹಾರ ತಗೊಂಡು ಬಿಟ್ಟುಕೊಟ್ಟರೆ ಸಾಕು. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಕೊಡುವುದಾದರೆ 11ಇ ನಕ್ಷೆ, ಅಂದರೆ ಕೊಡುವ ಭಾಗವನ್ನು ಅಳೆದು ಬೇರೆ ಮಾಡಿ ತೋರಿಸುವ ಸರ್ವೆ ನಕ್ಷೆ, ಆಗಲೇಬೇಕು. ಆ ನಕ್ಷೆಯಲ್ಲಿ ಉಳಿಯುವ ಐದಾರು ಎಕರೆ ಒಂದೇ ತುಂಡಾಗಿ ಉಳಿದಿದೆಯಾ ಅಂತ ನೋಡಿ. ಹೊಲದ ನಟ್ಟನಡುವೆ ಕರ್ಣರೇಖೆಯ ಹಾಗೆ ದಾರಿ ಹೋದರೆ ಎರಡು ಮುಕ್ಕೋನ ಉಳಿಯುತ್ತವೆ. ಮೂಲೆಗಳಲ್ಲಿ ಟ್ರ್ಯಾಕ್ಟರ್ ತಿರುಗುವುದಿಲ್ಲ, ಪಹಣಿಯಲ್ಲಿ ಐದು ಎಕರೆ ಇದ್ದರೂ ಬಿತ್ತಲು ಸಿಗುವುದು ನಾಲ್ಕೂವರೆ. ದಾರಿ ಬದುವಿನ ಗುಂಟ ಬರಲಿ. ತಂತಿ ಕಂಬಗಳೂ ಬದುವಿನ ಮೇಲೇ ಬರಲಿ, ತಂತಿಯ ಕೆಳಗೆ ಮಾವು, ಬೇವು ಬೆಳೆಸಲು ಬಿಡುವುದಿಲ್ಲ. ಗುಂಡಿ ತೆಗೆಯುವಾಗ ಮೇಲಿನ ಎರೆ ಮಣ್ಣನ್ನು ಬೇರೆ ರಾಶಿ ಹಾಕಿಸಿ. ಅಡಿಯ ಗರಸಿನ ಜೊತೆ ಅದು ಬೆರೆತರೆ ಆ ತುಂಡು ಮತ್ತೆ ಹೊಲವಾಗಲು ವರ್ಷಗಳೇ ಬೇಕು.

ಹೊಲದಲ್ಲಿ ಮುಂದೆ ಮನೆ ಕಟ್ಟುವ ಆಸೆ ಇದ್ದರೆ ಅದನ್ನೂ ಈಗಲೇ ಯೋಚಿಸಿ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸದ್ದಿನ ಕಾರಣಕ್ಕೆ ವಾಸದ ಮನೆಯಿಂದ 500 ಮೀಟರ್ ಒಳಗೆ ಫ್ಯಾನು ನಿಲ್ಲಿಸಬಾರದು ಅಂತ ಇದೆ. ಸಾರ್ವಜನಿಕ ರಸ್ತೆಗೆ ಬೇರೆ ಲೆಕ್ಕ: ಕಂಬದ ಎತ್ತರ, ರೆಕ್ಕೆ ವೃತ್ತದ ಅರ್ಧ, ಅದರ ಮೇಲೆ 5 ಮೀಟರ್. 140 ಮೀಟರಿನ ಕಂಬಕ್ಕೆ 205 ಮೀಟರ್. ಫ್ಯಾನು ಮೊದಲು ಬಂದು ಮನೆ ಆಮೇಲೆ ಬಂದರೆ ಆ ಸದ್ದಿನ ಜೊತೆ ಬದುಕಬೇಕಾದವರು ನೀವೇ. 25 ವರ್ಷ ಆದ ಮೇಲೆ ಯಂತ್ರ ಬಿಚ್ಚಿ, ಬುಡವನ್ನು ಎಷ್ಟು ಅಡಿ ಆಳದವರೆಗೆ ಒಡೆದು ತೆಗೆಯುತ್ತಾರೆ, ಅದರ ಖರ್ಚು ಯಾರದು ಅನ್ನುವುದೂ ಕರಾರಿನಲ್ಲಿ ಇರಬೇಕು.

ಸಹಿ ಹಾಕುವ ಮುಂಚೆ ಒಂದು ದಿನ ಬಿಡುವು ಮಾಡಿಕೊಳ್ಳಿ. ಊರ ಹಿರಿಯರನ್ನೂ, ಸಾಧ್ಯವಾದರೆ ನಿಮ್ಮ ತಮ್ಮನನ್ನೂ ಕರೆದುಕೊಂಡು ಫ್ಯಾನು ಹಾಕಿ ಐದಾರು ವರ್ಷ ಆದ ಪಕ್ಕದ ಯಾವುದಾದರೂ ಊರಿಗೆ ಹೋಗಿ. ಜಮೀನು ಕೊಟ್ಟವರ ಹತ್ತಿರ ಮಾತಾಡಿ, ಕೊಡದೇ ಇದ್ದ ಅಕ್ಕಪಕ್ಕದವರ ಹತ್ತಿರವೂ ಮಾತಾಡಿ. ಒಳ್ಳೆ ಮಳೆ ಬಿದ್ದ ಮಾರನೇ ದಿನ ಹೋದರೆ ಇನ್ನೂ ಒಳ್ಳೆಯದು. ಫ್ಯಾನಿನ ಬುಡದಿಂದ ದಾರಿ ಹಿಡಿದು ನಡೆದು ಬನ್ನಿ. ಮೇಲ್ಭಾಗದ ಹೊಲದಲ್ಲಿ ನೀರು ನಿಂತಿದೆಯಾ, ಮೋರಿ ಎಷ್ಟು ದೂರಕ್ಕೊಂದಿದೆ ಅಂತ ಎಣಿಸಿಕೊಳ್ಳಿ.